ದ್ವೀಪದಿಂದ ಬಂದ ಗುಜ್ಜೆ

ಪುತ್ತೂರು ಕಡೆಯ ಹಳ್ಳಿಯೊಂದರ ಶಾಲೆಗೆ ನನಗೆ ಮೊದಲ ನೇಮಕವಾಗಿತ್ತು. ದಾವಣಗೆರೆ ಸೀಮೆಯಿಂದ ಹೋದವಳಿಗೆ ಆ ಊರಿನ ಮಳೆಯೂ ಹೊಸತು, ಅಡುಗೆಯೂ ಹೊಸತು. ಜುಲೈ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಅಮ್ಮ ಬೇಲಿಯ ಮೇಲಿಂದ ಕೈಚಾಚಿ ಹಸಿರು ಕಾಯಿಯೊಂದನ್ನು ಕೊಟ್ಟರು. ದೊಡ್ಡ ತೆಂಗಿನಕಾಯಿಯಷ್ಟು ಗಾತ್ರ, ನೋಟಕ್ಕೆ ಹಲಸಿನ ಜಾತಿ. ಆದರೆ ಮುಳ್ಳು ಕೈಗೆ ಚುಚ್ಚುವುದಿಲ್ಲ. ಮೈತುಂಬ ಜೇನುಗೂಡಿನ ಕಣ್ಣುಗಳಂಥ ಚಿಕ್ಕ ಚಿಕ್ಕ ಮನೆಗಳು. ತೊಟ್ಟಿನಲ್ಲಿ ಹಾಲು ಇನ್ನೂ ಒಸರುತ್ತಿತ್ತು. “ಜೀಗುಜ್ಜೆ ಟೀಚರೇ, ಪೋಡಿ ಮಾಡಿ ತಿನ್ನಿ” ಎಂದು ಹೇಳಿ ಅವರು ಮಳೆಯಲ್ಲಿ ಒಳಗೆ ಹೋಗಿಬಿಟ್ಟರು.

ನಮ್ಮೂರಲ್ಲಿ ಕುಂಬಳಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಇದೂ ಹಾಗೆಯೇ ಇರಬಹುದು ಅಂದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಮೂರನೆಯ ದಿನ ಬೆರಳಿಟ್ಟರೆ ಒಳಗಿಳಿಯುವಷ್ಟು ಮೆತ್ತಗಾಗಿತ್ತು. ಹುಳಿಬೆರೆತ ಸಿಹಿ ವಾಸನೆ, ಸುತ್ತ ಇರುವೆ ಸಾಲು. ತಿಪ್ಪೆಗೆ ಹಾಕಿದೆ. ಮರುದಿನ “ಪೋಡಿ ಹೇಗಾಯ್ತು?” ಎಂದು ಅಮ್ಮ ಕೇಳಿದಾಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಅಯ್ಯೋ ದೇವರೇ, ಅದು ಇಡುವ ವಸ್ತು ಅಲ್ಲ ಟೀಚರೇ. ಕೊಯ್ದ ದಿನವೇ ಕೊಚ್ಚಬೇಕು. ಇಲ್ಲದಿದ್ರೆ ಅದು ಅದರಷ್ಟಕ್ಕೇ ಹಣ್ಣಾಗ್ತದೆ” ಎಂದರು. ಮುಂದಿನ ಭಾನುವಾರ ಇನ್ನೊಂದು ಕಾಯಿ, ಒಂದು ಕತ್ತಿ, ಚಿಕ್ಕ ಬಟ್ಟಲಲ್ಲಿ ತೆಂಗಿನೆಣ್ಣೆ ಹಿಡಿದು ಅವರೇ ನಮ್ಮ ಅಡುಗೆಮನೆಗೆ ಬಂದರು. ಆ ಭಾನುವಾರದ ಪಾಠದಿಂದ ಇವತ್ತಿನವರೆಗೂ ಜೀಗುಜ್ಜೆ ನನ್ನ ಅಡುಗೆಯಲ್ಲಿ ಉಳಿದಿದೆ.

ಬಯಲುಸೀಮೆಯ ಓದುಗರಿಗೆ ಮೊದಲು ಇದರ ಹೆಸರುಗಳನ್ನು ಹೇಳಬೇಕು. ತುಳುವರು ಹಲಸಿನ ಎಳೆಗಾಯಿಯನ್ನು ಗುಜ್ಜೆ ಎನ್ನುತ್ತಾರೆ. ಇದು ಜೀಗುಜ್ಜೆ, ದೀಗುಜ್ಜೆ ಎನ್ನುವವರೂ ಇದ್ದಾರೆ. ಕನ್ನಡದಲ್ಲಿ ದೀವಿ ಹಲಸು. ದೀವಿ ಎಂದರೆ ದ್ವೀಪ. ಕೆಲವು ಕಡೆ ಬೇರುಹಲಸು ಎಂಬ ಹೆಸರೂ ಇದೆ. ಕೊಂಕಣಿಗರ ಬಾಯಲ್ಲಿ ಜೀವಿಕಡ್ಗಿ, ಗೋವಾದಲ್ಲಿ ನೀರ್‌ಪಣಸ. ಮಲಯಾಳಿಗಳು ಕಡಚಕ್ಕ ಎನ್ನುತ್ತಾರೆ, ಶೀಮಚಕ್ಕ ಎಂದೂ ಕರೆಯುತ್ತಾರೆ. ನಮ್ಮ ಸೀಮೆಬದನೆ, ಸೀಮೆಎಣ್ಣೆಯ ಸೀಮೆಯೇ ಅಲ್ಲಿ ಶೀಮ. ಇಂಗ್ಲಿಷಿನ ಬ್ರೆಡ್‌ಫ್ರೂಟ್ ಇದೇ. ಹೊರಗಿನಿಂದ ಬಂದದ್ದು ಎಂಬುದನ್ನು ಈ ಹೆಸರುಗಳು ಮರೆಮಾಚುವುದಿಲ್ಲ. ಹಾಗಿದ್ದೂ ಪ್ರತಿ ಭಾಷೆಯೂ ತನ್ನ ಹಲಸಿನ ಮನೆತನಕ್ಕೆ ಇದನ್ನು ಸೇರಿಸಿಕೊಂಡಿದೆ. ನನಗೆ ಮುಖ್ಯ ಅನಿಸುವುದು ಇದೇ. ಹೊಸ ಕಾಯಿಯೊಂದು ಅಂಗಳಕ್ಕೆ ಬಂದಾಗ ಕರಾವಳಿಯ ಹೆಂಗಸರು ‘ಇದು ನಮ್ಮ ಯಾವುದರ ಹಾಗಿದೆ?’ ಎಂದು ಕೇಳಿಕೊಂಡರು. ಗುಜ್ಜೆಯ ಹಾಗಿದೆ ಎಂದು ಕಂಡ ಮೇಲೆ ಗುಜ್ಜೆಗೆ ಬೀಳುತ್ತಿದ್ದ ಮಸಾಲೆಯೇ ಇದಕ್ಕೂ ಬಿತ್ತು.

ಸಸ್ಯಶಾಸ್ತ್ರವೂ ಅವರ ಮಾತನ್ನೇ ಹೇಳುತ್ತದೆ. ಹಲಸು, ಹೆಬ್ಬಲಸು, ವಾಟೆಹುಳಿ, ಜೀಗುಜ್ಜೆ ಎಲ್ಲವೂ ಆರ್ಟೋಕಾರ್ಪಸ್ ಎಂಬ ಒಂದೇ ಕುಲದವು. ಜೀಗುಜ್ಜೆಯ ಮೂಲಪುರುಷ ನ್ಯೂಗಿನಿಯ ಕಾಡುಮರ. ಅದರ ಕಾಯಿಯ ತುಂಬ ಬೀಜ. ಸುಮಾರು 3000 ವರ್ಷಗಳ ಹಿಂದೆ ಶಾಂತಸಾಗರದ ದ್ವೀಪಗಳನ್ನು ಒಂದೊಂದಾಗಿ ಹುಡುಕುತ್ತ ಹೋದ ಜನ ದೋಣಿಯಲ್ಲಿ ಇದರ ಬೇರುಸಸಿಗಳನ್ನು ಇಟ್ಟುಕೊಂಡೇ ಹೊರಟರು. ದ್ವೀಪದಿಂದ ದ್ವೀಪಕ್ಕೆ ತಲುಪುವಷ್ಟರಲ್ಲಿ, ಆರಿಸಿ ಆರಿಸಿ ನೆಟ್ಟದ್ದರಿಂದ, ಬೀಜ ಕಡಿಮೆಯಾಗಿ ತಿರುಳು ತುಂಬಿತು. ನಮ್ಮ ಕರಾವಳಿಯ ಜೀಗುಜ್ಜೆಯಲ್ಲಿ ಬೀಜವೇ ಇಲ್ಲ. ಅಂದಮೇಲೆ ಈ ಮರ ತಾನಾಗಿ ಎಲ್ಲೂ ಹುಟ್ಟುವುದಿಲ್ಲ. ಹಾರೆಯೋ ಗುದ್ದಲಿಯೋ ತಾಗಿ ಬೇರಿಗೆ ಗಾಯವಾದ ಕಡೆ ಚಿಗುರು ಏಳುತ್ತದೆ. ಅದನ್ನು ಬೇರುಸಮೇತ ಬಿಡಿಸಿ ಯಾರಾದರೂ ಕೊಟ್ಟರೆ ಮಾತ್ರ ಇನ್ನೊಂದು ಮನೆಯ ಅಂಗಳಕ್ಕೆ ಹೋಗುತ್ತದೆ.

ಈಗ ಅಡುಗೆಮನೆಗೆ ಬರೋಣ.

ಮೊದಲ ಕೆಲಸ ಮೇಣದ್ದು. ಅಂಗೈಗೆ, ಕತ್ತಿಯ ಎರಡೂ ಬದಿಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು. ತೊಟ್ಟು ಕತ್ತರಿಸಿ ಕಾಯಿಯನ್ನು ಬೋರಲು ಇಟ್ಟರೆ ಹಾಲು ಇಳಿದುಹೋಗುತ್ತದೆ. ಆಮೇಲೆ ಉದ್ದಕ್ಕೆ ನಾಲ್ಕು ಹೋಳು ಮಾಡಿ, ನಡುವಿನ ಮೆತ್ತನೆಯ ದಿಂಡನ್ನು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿಯೇ ಹೆರೆಯಬೇಕು. ಬಿಳಿಯ ತಿರುಳು ಗಾಳಿಗೆ ಬೇಗ ಕಂದುತ್ತದೆ. ಹೆಚ್ಚಿದ್ದನ್ನು ಹೆಚ್ಚಿದ ಹಾಗೆ ಉಪ್ಪು ಅಥವಾ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತ ಹೋಗಿ. ಅಮ್ಮ ಇಷ್ಟನ್ನೂ ಮಾತಿಲ್ಲದೆ ಮಾಡಿ ತೋರಿಸಿದ್ದರು. ನಾನು ಎಣ್ಣೆ ಹಚ್ಚುವುದನ್ನು ಮರೆತು ಮುಟ್ಟಿದ ಒಂದು ಹೋಳಿನ ಮೇಣ ಸೋಪಿಗೂ ಬಗ್ಗಲಿಲ್ಲ, ಕೊನೆಗೆ ಅದೇ ಎಣ್ಣೆಗೆ ಬಿಟ್ಟಿತು.

ಪೋಡಿ ಎಂದರೆ ಬಜ್ಜಿ. ಕಾಲು ಇಂಚಿಗಿಂತ ತೆಳ್ಳಗೆ ಅರ್ಧಚಂದ್ರದ ಹಾಗೆ ಹೆಚ್ಚಿ, ಕಡಲೆಹಿಟ್ಟಿಗೆ ಒಂದಿಷ್ಟು ಅಕ್ಕಿಹಿಟ್ಟು, ಖಾರದಪುಡಿ, ಇಂಗು, ಉಪ್ಪು ಕಲಸಿ ಅದ್ದಿ ಕರಿಯುವುದು. ಬಾಳೆಕಾಯಿ ಬಜ್ಜಿ ತಿಂದವರಿಗೆ ಇದರ ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಒಳಗಿನ ತಿರುಳು ಹಬೆಯಲ್ಲಿ ಬೆಂದ ಹಾಗೆ ಹದವಾಗಿ ಉಬ್ಬಿರುತ್ತದೆ, ಬಾಯಲ್ಲಿ ಅಂಟುವುದಿಲ್ಲ. ಕೊಂಕಣಿಗರ ಫೋಡಿ ಬೇರೆ. ಅವರು ಹೋಳುಗಳಿಗೆ ಖಾರ, ಉಪ್ಪು, ಅರಿಸಿನ, ಧಾರಾಳವಾಗಿ ಇಂಗಿನ ನೀರು ಸವರಿ ಕಾಲು ಗಂಟೆ ಬಿಡುತ್ತಾರೆ. ಆಮೇಲೆ ರವೆಯಲ್ಲೋ ಅಕ್ಕಿಹಿಟ್ಟಿನಲ್ಲೋ ಹೊರಳಿಸಿ ಕಾವಲಿಯ ಮೇಲೆ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಮಾಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಮತ ಈ ಕಾವಲಿಯದಕ್ಕೆ. ಹಿಟ್ಟಿನ ದಪ್ಪ ಅಂಗಿ ಇಲ್ಲದ್ದರಿಂದ ಜೀಗುಜ್ಜೆಯ ಸ್ವಂತ ರುಚಿ ನೇರವಾಗಿ ನಾಲಿಗೆಗೆ ಸಿಗುತ್ತದೆ. ಸಾರನ್ನದ ಪಕ್ಕಕ್ಕೆ ಇದಿದ್ದರೆ ಬೇರೆ ಪಲ್ಯ ಬೇಡ.

ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಕಡಲೆ ಹಾಕಿದ ಗಸಿ, ಅಂದರೆ ಗಟ್ಟಿ ಸಾರು. ಕಪ್ಪು ಕಡಲೆಯನ್ನು ಹಿಂದಿನ ರಾತ್ರಿ ನೆನೆಹಾಕಿ ಬೇಯಿಸಿಕೊಳ್ಳಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕೇ ನಾಲ್ಕು ಕಾಳು ಮೆಂತೆ ಇವನ್ನು ಎಣ್ಣೆಯಲ್ಲಿ ಹುರಿದು, ತೆಂಗಿನತುರಿ ಮತ್ತು ಹುಣಸೆಹಣ್ಣಿನ ಜೊತೆ ನುಣ್ಣಗೆ ರುಬ್ಬಿ. ಜೀಗುಜ್ಜೆಯ ಇಂಚು ಗಾತ್ರದ ಹೋಳುಗಳನ್ನು ಬೇರೆಯಾಗಿ ಉಪ್ಪು, ಅರಿಸಿನ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರಿಗೆ ಹಾಕಬೇಡಿ, ಒಂದು ಕೂಗು ಹೆಚ್ಚಾದರೆ ಹಿಟ್ಟಾಗಿಬಿಡುತ್ತದೆ. ಬೆಂದ ಕಡಲೆ, ಮಸಾಲೆ, ಹೆಬ್ಬೆರಳಷ್ಟು ಬೆಲ್ಲ ಸೇರಿಸಿ ಕುದಿಸಿ, ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಸಾಸಿವೆ, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಒಗ್ಗರಣೆಯ ತೆಳುವಾದ ಸಾರು ಕೊದ್ದೆಲ್, ಹವ್ಯಕರ ಮನೆಯ ಮೇಲೋಗರ ಬೆಂದಿ, ತೆಂಗಿನತುರಿ ಹಾಕಿದ ಪಲ್ಯ, ಸಣ್ಣಗೆ ಹೆರೆದು ಕರಿದ ಚಿಪ್ಸ್ ಇವೆಲ್ಲ ಇದೇ ದಾರಿಯಲ್ಲಿ ಮುಂದೆ ಸಿಗುತ್ತವೆ. ಗಸಿಯನ್ನು ಮಾತ್ರ ಮಾಡಿದ ದಿನಕ್ಕಿಂತ ಮರುದಿನ ತಿಂದರೆ ಹೆಚ್ಚು ರುಚಿ, ಹೋಳು ಅಷ್ಟು ಹೊತ್ತಿಗೆ ಮಸಾಲೆ ಕುಡಿದಿರುತ್ತದೆ.

ಬೇಯಿಸಿದ ಜೀಗುಜ್ಜೆಯನ್ನು ಆಲೂಗಡ್ಡೆಗೆ ಹೋಲಿಸುವವರು ಬಹಳ. ಹಿಟ್ಟಿನಂಶದ ಲೆಕ್ಕದಲ್ಲಿ ಅದು ಸರಿಯೇ. 100 ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟ್, 5 ಗ್ರಾಂನಷ್ಟು ನಾರು, 490 ಮಿಲಿಗ್ರಾಂ ಪೊಟ್ಯಾಸಿಯಂ, 103 ಕ್ಯಾಲೊರಿ. ಆದರೆ ಆಲೂಗಡ್ಡೆಯ ಬದಲಿಗೆ ಎಂದು ಇದನ್ನು ಪಾತ್ರೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬದಲಿಯಾಗಿ ಬಂದ ಆಹಾರಕ್ಕೆ ಯಾವತ್ತೂ ಮರ್ಯಾದೆ ಸಿಗುವುದಿಲ್ಲ. ಈ ಕಾಯಿಯ ಚರಿತ್ರೆಯಲ್ಲೇ ಅದಕ್ಕೆ ದೊಡ್ಡ ಸಾಕ್ಷಿ ಇದೆ.

ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1686ರಲ್ಲಿ ಗುವಾಮ್ ದ್ವೀಪದಲ್ಲಿ ಇದನ್ನು ಕಂಡ. ಸಿಪ್ಪೆ ಕರಿಯಾಗುವವರೆಗೆ ಸುಟ್ಟು, ಅದನ್ನು ಕೆರೆದು ಜನ ರೊಟ್ಟಿಯ ಹಾಗೆ ತಿನ್ನುವುದನ್ನು ತನ್ನ ಪುಸ್ತಕದಲ್ಲಿ ಬರೆದ. 1769ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ತಹೀತಿಗೆ ಹೋದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಕೂಡ ಇದನ್ನು ಮೆಚ್ಚಿಕೊಂಡ. ಅತ್ತ ಕೆರಿಬಿಯನ್ ದ್ವೀಪಗಳಲ್ಲಿ ಬ್ರಿಟಿಷರ ಕಬ್ಬಿನ ತೋಟಗಳಿದ್ದವು. ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಅಲ್ಲಿಗೆ ಬರುತ್ತಿದ್ದ ಆಹಾರ ನಿಂತಿತು, ಮೇಲಿಂದ ಮೇಲೆ ಚಂಡಮಾರುತಗಳೂ ಬಂದವು. ಗುಲಾಮರು ಹಸಿವಿನಿಂದ ಸತ್ತರು. ಅವರ ಹೊಟ್ಟೆಗೆ ಅಗ್ಗದ ಆಹಾರವೊಂದು ಬೇಕು ಎಂದು ತೋಟದ ಮಾಲೀಕರು ಯೋಚಿಸಿದರು. ಮರದಲ್ಲೇ ರೊಟ್ಟಿ ಬಿಡುತ್ತದಂತೆ, ತರಿಸೋಣ ಎಂದಾಯಿತು.

ಅದಕ್ಕಾಗಿಯೇ ಹೊರಟದ್ದು ಬೌಂಟಿ ಎಂಬ ಹಡಗು, 1787ರ ಡಿಸೆಂಬರಿನಲ್ಲಿ. ನಾಯಕ ವಿಲಿಯಂ ಬ್ಲೈ. ಹಡಗಿನ ದೊಡ್ಡ ಕೋಣೆಯನ್ನೇ ಸಸಿಗಳ ಮನೆಯಾಗಿ ಮಾರ್ಪಡಿಸಿದ್ದರು. ತಹೀತಿಯಲ್ಲಿ ಐದು ತಿಂಗಳಿದ್ದು, ಸಾವಿರಕ್ಕೂ ಹೆಚ್ಚು ಸಸಿಗಳನ್ನು ಕುಂಡಗಳಲ್ಲಿ ಹೊತ್ತು ಹಿಂದಿರುಗುವಾಗ, 1789ರ ಏಪ್ರಿಲ್ 28ರಂದು ನಾವಿಕರು ದಂಗೆ ಎದ್ದರು. ಬ್ಲೈಯನ್ನೂ ಅವನ ಕಡೆಯ 18 ಜನರನ್ನೂ ತೆರೆದ ದೋಣಿಗೆ ಇಳಿಸಿದರು, ಸಸಿಗಳನ್ನು ಸಮುದ್ರಕ್ಕೆ ಎಸೆದರು. ಆ ದೋಣಿಯಲ್ಲೇ 47 ದಿನ, ಆರೂವರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಬ್ಲೈ ಟಿಮೋರ್ ದ್ವೀಪ ಮುಟ್ಟಿದ. ಇದರ ಮೇಲೆ ಪುಸ್ತಕಗಳು, ಸಿನಿಮಾಗಳು ಬಂದಿವೆ. ಆತ ಅಷ್ಟಕ್ಕೇ ಬಿಡಲಿಲ್ಲ. ಪ್ರಾವಿಡೆನ್ಸ್ ಎಂಬ ಹಡಗಿನಲ್ಲಿ ಮತ್ತೆ ತಹೀತಿಗೆ ಹೋಗಿ, 1793ರ ಆರಂಭದಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ಸಸಿ ಮುಟ್ಟಿಸಿದ.

ಇಷ್ಟೆಲ್ಲ ಆದಮೇಲೂ ಆ ತೋಟಗಳ ಗುಲಾಮರು ಜೀಗುಜ್ಜೆಯನ್ನು ಬಾಯಿಗಿಡಲು ಮನಸ್ಸು ಮಾಡಲಿಲ್ಲ. ಅವರಿಗೆ ತಮ್ಮ ಬಾಳೆಕಾಯಿ, ತಮ್ಮ ಗೆಣಸೇ ಬೇಕಾಗಿತ್ತು. ಬಿದ್ದ ಕಾಯಿ ಹಂದಿಗಳ ಪಾಲಾಯಿತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಹೇಗೆ ತಿನ್ನಬೇಕು ಎಂದು ಪಕ್ಕದ ಮನೆಯವರು ಕಲಿಸಿ ಕೊಟ್ಟ ಕಾಯಿ ಅದಾಗಿರಲಿಲ್ಲ. ಚಾವಟಿ ಹಿಡಿದ ಕೈ, ಖರ್ಚು ಉಳಿಸಲೆಂದು ಕೊಟ್ಟದ್ದಾಗಿತ್ತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಸ್ವಂತ ಒಲೆ, ಸ್ವಂತ ಅಂಗಳ ಬಂದ ಮೇಲೆ ಅದೇ ಮರ ನಿಧಾನವಾಗಿ ಅವರದಾಯಿತು. ಇವತ್ತು ಸೇಂಟ್ ವಿನ್ಸೆಂಟಿನ ರಾಷ್ಟ್ರೀಯ ಖಾದ್ಯವೇ ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನು. ಗ್ರೆನೇಡಾದವರು ಇದನ್ನು ಉಪ್ಪುಮೀನು, ಅರಿಸಿನ, ತೆಂಗಿನಹಾಲಿನಲ್ಲಿ, ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸುತ್ತಾರೆ. ಅದರ ಹೆಸರು ಆಯಿಲ್ ಡೌನ್. ತೆಂಗು, ಅರಿಸಿನ, ಜೀಗುಜ್ಜೆ ಎಂದ ಕೂಡಲೇ ನನ್ನ ಕಣ್ಣಿಗೆ ಪುತ್ತೂರಿನ ಅಡುಗೆಮನೆ ಬರುತ್ತದೆ.

ಮೂಲದ ಊರುಗಳಲ್ಲಿ ಇದು ಅನ್ನದ ಸ್ಥಾನದ ಆಹಾರ. ಸಮೋವಾದಲ್ಲಿ ಕಾದ ಕಲ್ಲುಗಳ ಮೇಲೆ ಕಾಯಿ ಹರಡಿ ಎಲೆ ಮುಚ್ಚಿ ಬೇಯಿಸುತ್ತಾರೆ. ಫಸಲು ಹೆಚ್ಚಾದ ಕಾಲಕ್ಕೆ ಹಲವು ದ್ವೀಪಗಳವರು ನೆಲದಲ್ಲಿ ಗುಂಡಿ ತೋಡಿ, ಎಲೆ ಹಾಸಿ, ಸಿಪ್ಪೆ ತೆಗೆದ ಕಾಯಿಗಳನ್ನು ತುಂಬಿ ಮುಚ್ಚುತ್ತಿದ್ದರು. ಅದು ಹುಳಿಬಂದು, ಹಿಟ್ಟಾಗಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬಿರುಗಾಳಿಗೆ ಮರಗಳು ಉರುಳಿದ ವರ್ಷ ಆ ಗುಂಡಿಯೇ ಕಣಜ. ಹವಾಯಿಯವರ ಕಥೆಯೊಂದರಲ್ಲಿ ಕೂ ಎಂಬ ದೇವರು ಮನುಷ್ಯನಾಗಿ ಸಂಸಾರ ಹೂಡಿರುತ್ತಾನೆ. ಬರಗಾಲದಲ್ಲಿ ಮಕ್ಕಳು ಹಸಿದಾಗ ಭೂಮಿಯೊಳಗೆ ಇಳಿದು, ಅಲ್ಲಿಂದ ಜೀಗುಜ್ಜೆ ಮರವಾಗಿ ಏಳುತ್ತಾನೆ. ಅಲ್ಲಿನ ಮಾವಿ ದ್ವೀಪದ ಕಹಾನು ತೋಟದಲ್ಲಿ ನೂರಕ್ಕೂ ಹೆಚ್ಚು ತಳಿಗಳನ್ನು ನೆಟ್ಟು ಉಳಿಸಿದ್ದಾರೆ. ಸಸ್ಯವಿಜ್ಞಾನಿ ಡಯೇನ್ ರೆಗೋನ್ ದ್ವೀಪದಿಂದ ದ್ವೀಪಕ್ಕೆ ಅಲೆದು ಕೂಡಿಸಿದ ಸಂಗ್ರಹ ಅದು.

ಸುಡುವ ವಿಧಾನವನ್ನು ನಾನು ಓದಿ ತಿಳಿದದ್ದು, ಮಾಡಿ ನೋಡಿದ್ದು ದಾವಣಗೆರೆಯ ತವರಲ್ಲಿ. ರಜೆಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ಎರಡು ಕಾಯಿ ಕಟ್ಟಿಕೊಂಡು ಹೋಗಿದ್ದೆ. ನೀರೊಲೆಯ ಕೆಂಡದಲ್ಲಿ ಇಡೀ ಕಾಯಿ ಇಟ್ಟು ಆಗಾಗ ಹೊರಳಿಸಿದೆವು. ಮುಕ್ಕಾಲು ಗಂಟೆಗೆ ಸಿಪ್ಪೆ ಪೂರ್ತಿ ಕಪ್ಪಾಯಿತು, ತೊಟ್ಟಿನ ಕಡೆಯಿಂದ ಹಬೆ ಹೊರಟಿತು. ನಮ್ಮವ್ವನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ಬದನೆಕಾಯಿ ಸುಟ್ಟು ಬಜ್ಜಿ ಮಾಡಿ ಕೈ ಪಳಗಿದವಳು. ಸಿಪ್ಪೆ ಬಿಡಿಸಿ, ದಿಂಡು ತೆಗೆದು, ಬಿಸಿ ತಿರುಳನ್ನು ಮುರಿದು ತಾಟಿಗೆ ಹಾಕಿದಳು. ಮೇಲೆ ಶೇಂಗಾ ಚಟ್ನಿಪುಡಿ, ಹಸಿ ಎಣ್ಣೆ, ಪಕ್ಕಕ್ಕೆ ಹೆಚ್ಚಿದ ಉಳ್ಳಾಗಡ್ಡಿ. “ರೊಟ್ಟಿಗಿ ಪಲ್ಲೆ ಬೇಕು, ಇದು ತಾನೇ ರೊಟ್ಟಿ ಆಗೇತಿ, ತಾನೇ ಪಲ್ಲೆ ಆಗೇತಿ” ಅಂದಳು. ಸುಟ್ಟ ಹೊಗೆವಾಸನೆ ಹೊತ್ತ ಆ ತಿರುಳಿನ ಜೊತೆ ಶೇಂಗಾದ ಎಣ್ಣೆಜಿಡ್ಡು ಕೂಡಿದ ರುಚಿಯನ್ನು ಕರಾವಳಿಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಪುತ್ತೂರಿಗೆ ಮರಳಿ ಅಮ್ಮನಿಗೆ ಇದನ್ನು ಮಾಡಿ ಕೊಟ್ಟೆ. ಅವರು ಚಟ್ನಿಪುಡಿಯ ವಿಧಾನ ಕೇಳಿ ಬರೆದುಕೊಂಡರು.

ಪಟ್ಟಣದಲ್ಲಿ ಕೆಂಡ ಇಲ್ಲದಿದ್ದರೆ ಗ್ಯಾಸಿನ ಸಣ್ಣ ಉರಿಯ ಮೇಲೂ ಆಗುತ್ತದೆ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಒಂದು ಗಂಟೆ. ತೊಟ್ಟಿನ ಭಾಗವನ್ನು ಮೊದಲೇ ಕೊರೆದು ಹಬೆಗೆ ದಾರಿ ಬಿಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಕಾಯಿ ಸಿಡಿಯಬಹುದು.

ಅಂದು ನಾನು ತಿಪ್ಪೆಗೆ ಹಾಕಿದ ಹಣ್ಣಿನ ಬಗ್ಗೆ ಒಂದು ಮಾತು ಉಳಿದಿದೆ. ಅದು ಕೆಟ್ಟಿರಲಿಲ್ಲ, ಹಣ್ಣಾಗಿತ್ತು. ಹಣ್ಣಾದ ಜೀಗುಜ್ಜೆ ಮೆತ್ತಗೆ, ಸಿಹಿಯಾಗಿ, ಘಮಘಮ ಇರುತ್ತದೆ. ದ್ವೀಪಗಳಲ್ಲಿ ಅದಕ್ಕೆ ತೆಂಗಿನಹಾಲು ಬೆರೆಸಿ ಸಿಹಿ ಮಾಡುತ್ತಾರೆ. ಹಲಸಿನಹಣ್ಣಿನ ಮುಳಕ ಮಾಡುವ ಹಾಗೆ, ನೆನೆಸಿದ ಅಕ್ಕಿ ಮತ್ತು ಬೆಲ್ಲದ ಜೊತೆ ರುಬ್ಬಿ ನಾನು ಕರಿದಿದ್ದೇನೆ, ಚೆನ್ನಾಗಿಯೇ ಬರುತ್ತದೆ. ಕರಾವಳಿಯ ಎಷ್ಟೋ ಅಂಗಳಗಳಲ್ಲಿ ಈ ಹಣ್ಣು ಉದುರಿ ನೆಲದ ಪಾಲಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಂದು ಮರ ವರ್ಷಕ್ಕೆ ನೂರಕ್ಕೂ ಮೇಲೆ ಕಾಯಿ ಬಿಡುತ್ತದೆ. ಅಷ್ಟನ್ನೂ ಒಂದು ಮನೆ ತಿನ್ನಲಾರದು ನಿಜ, ಆದರೆ ಹಂಚಲು ಆಗುತ್ತದಲ್ಲ.

ಬೆಂಗಳೂರು, ಮೈಸೂರಿನಲ್ಲಿ ಮಂಗಳೂರು ಕಡೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಮಳೆಗಾಲದ ಹೊತ್ತಿಗೆ ಜೀಗುಜ್ಜೆ ಕಾಣಸಿಗುತ್ತದೆ. ಕೊಳ್ಳುವಾಗ ಕಾಯಿಯ ಮೈ ನೋಡಿ. ಕಡು ಹಸಿರಾಗಿ, ಕಣ್ಣುಗಳು ಉಬ್ಬಿ ಕೂತಿದ್ದರೆ ಇನ್ನೂ ಎಳಸು. ಕಣ್ಣುಗಳು ಚಪ್ಪಟೆಯಾಗಿ, ಬಣ್ಣ ಹಳದಿಯ ಕಡೆ ತಿರುಗಿ, ಅಲ್ಲಲ್ಲಿ ಮೇಣದ ಹನಿ ಒಣಗಿ ಅಂಟಿದ್ದರೆ ಬಲಿತದ್ದು; ಅಡುಗೆಗೆ ಅದೇ ಹದ. ಒತ್ತಿದರೆ ಗಟ್ಟಿ ಇರಬೇಕು. ಅವತ್ತು ಪುರುಸೊತ್ತಿಲ್ಲದಿದ್ದರೆ ಇಡೀ ಕಾಯಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಹಣ್ಣಾಗುವುದು ಕೆಲವು ದಿನ ತಡವಾಗುತ್ತದೆ. ಹೋಳುಗಳನ್ನು ಅರ್ಧ ಬೇಯಿಸಿ ಫ್ರೀಜರಿನಲ್ಲೂ ಇಡಬಹುದು.

ಕರಾವಳಿಯಲ್ಲೋ ಮಲೆನಾಡಿನ ತಗ್ಗಿನಲ್ಲೋ ಹಿತ್ತಲಿರುವವರು, ಮರವಿರುವ ಮನೆಯಲ್ಲಿ ಒಂದು ಬೇರುಸಸಿ ಕೇಳಿ, ಮೊದಲ ಮಳೆಗೆ ನೆಡಿ. ನಾಲ್ಕೈದು ವರ್ಷಕ್ಕೆ ಕಾಯಿ ಬರುತ್ತದೆ. ಮರವಿರುವವರು ಕಾಯಿ ಕೊಡುವಾಗ ದಯವಿಟ್ಟು ಮಾಡುವ ಬಗೆಯನ್ನೂ ಹೇಳಿಕೊಡಿ. ಪಡೆದವರು ಕೈಗೆ ಎಣ್ಣೆ ಸವರಿಕೊಂಡು, ಅವತ್ತೇ ಹೆಚ್ಚಿ.